ಏಕೈಕ ಫ್ಯಾನಿನ ಹಂಚಿಕೆಗಾಗಿ ನಡೆಯುವ ಅಣಕು ವಿಮಾನ ಕಾಳಗದಲ್ಲಿ ಶಕ್ತಿ ಉಳಿತಾಯ

ಇಲಾಖಾ ಕಛೇರಿ, ಕಂಟೋನ್ಮೆಂಟ್, ಬಳ್ಳಾರಿ
ಸಂಖ್ಯೆ: ಫ್ಯಾನ್/ಕಾಳಗ/ಎತ್ತರ/೧೯೭೩-೭೪
ದಿನಾಂಕ: ೨೪-೪-೧೯೭೩

ಸುತ್ತೋಲೆ

ವಿಷಯ: ಗುಡ್ಡ ಹತ್ತಿದ ಸಿಬ್ಬಂದಿ ಇಳಿಯದಿರುವ ಬಗ್ಗೆ.
ಉಲ್ಲೇಖ: ‘ಯಾರೂ ಅವಸರಪಟ್ಟು ಇಳಿಯಬಾರದು’ ಎಂಬ ಇದೇ ಕಛೇರಿಯ ಹಿಂದಿನ ಸುತ್ತೋಲೆ.

ಈ ಕಛೇರಿಯಲ್ಲಿ ಇರುವುದು ಒಂದೇ ಮೇಜಿನ ಫ್ಯಾನ್. ಪ್ರತಿ ಬೇಸಿಗೆ ಸಂಗನಕಲ್ಲು ಗುಡ್ಡದ ಇಳಿಜಾರಿನಲ್ಲಿ ನಡೆಯುವ ಅಣಕು ವಿಮಾನ ಕಾಳಗದಲ್ಲಿ ಗೆದ್ದವರಿಗೆ ಅದು ಒಂದು ವರ್ಷ ಸಲ್ಲತಕ್ಕದ್ದು. ಯಾರೂ ಗೆಲ್ಲದಿದ್ದಲ್ಲಿ ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯತಕ್ಕದ್ದು. ಇಲಾಖೆಯ ಬಳಿ ವಿಮಾನ ಇಲ್ಲದಿರುವುದರಿಂದ, ಹ್ಯಾಂಡಲಿಗೆ ತಗಡಿನ ಪಂಖ ಕಟ್ಟಿದ ಸೈಕಲ್ಲನ್ನೇ ಯುದ್ಧವಿಮಾನವೆಂದು ಪರಿಗಣಿಸಲಾಗಿದೆ. ಬೆನ್ನಿಗೆ ಎದುರಾಳಿಯ ಸುಣ್ಣದಲ್ಲಿ ಅದ್ದಿದ ಬಟ್ಟೆ ತಗುಲಿದವರ ವಿಮಾನ ನೆಲಕ್ಕುರುಳಿದಂತೆ.

೧. ಕಳೆದ ವರ್ಷದ ಕಾಳಗದಲ್ಲಿ ಅಧೀಕ್ಷಕರಾದ ಶ್ರೀ ತಿಪ್ಪೇರುದ್ರಪ್ಪನವರು ಬಯಲಿನಲ್ಲೇ ಗಾಣದ ಎತ್ತಿನಂತೆ ಸುತ್ತಿ, ಪ್ರತಿ ತಿರುವಿನಲ್ಲೂ ವೇಗ ಕಳೆದುಕೊಂಡು, ನಾಲಿಗೆ ಹೊರಹಾಕಿ ನಿಂತಿರುವುದು ಕಂಡುಬಂದಿದೆ. ಅಷ್ಟರವರೆಗೆ ಗುಡ್ಡದ ಮೇಲೆ ಬಂಡೆಯ ನೆರಳಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಗುಮಾಸ್ತರಾದ ಶ್ರೀ ಉಜ್ಜಿನಪ್ಪನವರು ಒಂದೇ ಒಂದು ಸಲ ಸೈಕಲ್ಲಿನಲ್ಲಿ ಇಳಿದು ಬಂದು, ಅಧೀಕ್ಷಕರ ಬೆನ್ನಿಗೆ ಸುಣ್ಣ ಬಳಿದು, ಅದೇ ಓಟದಲ್ಲಿ ಮರಳಿ ಮೇಲೇರಿ, ಎಲೆ ಅಡಿಕೆ ಮುಂದುವರಿಸಿರುತ್ತಾರೆ. ಫ್ಯಾನ್ ಅವರಿಗೇ ಸಂದಿರುತ್ತದೆ.

೨. ಈ ಬಗ್ಗೆ ವಿವರಣೆ ಕೇಳಲಾಗಿ, ಉಜ್ಜಿನಪ್ಪನವರು ಆಕಳಿಸುತ್ತಾ ನೀಡಿದ ಹೇಳಿಕೆ: “ಎತ್ತರ ಅಂದ್ರ ಕೂಡಿಟ್ಟ ವೇಗ ರೀ ಸಾಹೇಬ್ರ. ಇಳಿಯಾದು, ಒಂದು ಏಟು ಹಾಕಾದು, ಮತ್ತ ಮ್ಯಾಲೆ ಹೋಗಿ ಕುಂದ್ರಾದು. ಕೆಳಗ ಗಿರಗಿರ ತಿರುಗಿದ್ರ ಏನೈತಿ, ದಣಿವು ಬಿಟ್ರ?”

೩. ಇದೇ ಸ್ವಭಾವಕ್ಕಾಗಿ ಸದರಿಯವರಿಗೆ ಈವರೆಗೆ ನೀಡಲಾದ ಎಲ್ಲ ನೋಟೀಸುಗಳನ್ನೂ ಪ್ರಶಂಸಾ ಪತ್ರಗಳೆಂದು ಓದಿಕೊಳ್ಳತಕ್ಕದ್ದು. ಸಿಬ್ಬಂದಿಯೆಲ್ಲರೂ ಕಾಳಗದ ತಿಂಗಳು ಶಕ್ತಿ ಉಳಿಸತಕ್ಕದ್ದು. ಎರಡೂ ಕೈ ಎತ್ತಿ ನಮಸ್ಕರಿಸುವುದು, ಅಂಚೆಚೀಟಿ ನೆಕ್ಕುವುದು, ಸಾರ್ವಜನಿಕರ ಅರ್ಜಿ ಓದುವುದು ಇವೆಲ್ಲ ಅನಗತ್ಯ ವೆಚ್ಚಗಳು.

೪. ಮೇಲಧಿಕಾರಿಗಿಂತ ಎತ್ತರದಲ್ಲಿ ಯಾವ ಗುಮಾಸ್ತನೂ ಹಾರತಕ್ಕದ್ದಲ್ಲ. ಹಾಗೆ ಹಾರಿದ್ದು ಕಣ್ಣಿಗೆ ಕಂಡರೂ, ಕಡತದಲ್ಲಿ ಮೇಲಧಿಕಾರಿಯೇ ಎತ್ತರದಲ್ಲಿದ್ದರೆಂದು ನಮೂದಿಸತಕ್ಕದ್ದು.

೫. ಅಧೀಕ್ಷಕರು ಮುಂದಿನ ವರ್ಷ ನಿವೃತ್ತರಾಗಲಿದ್ದಾರೆ. ಸೇವೆಗೆ ಸೇರಿದಂದಿನಿಂದ ಅವರ ಬೆವರು ತೊಟ್ಟಿಕ್ಕಿ ಸಹಿ ಅಳಿಸಿಹೋಗಿ, ಕಾಗದಗಳು ಮೇಲಿನ ಕಛೇರಿಯಿಂದ ಹಿಂದಿರುಗುತ್ತಲೇ ಇವೆ. ಮನೆಗೆ ಹೋಗುವ ಮೊದಲು ಒಂದು ಬೇಸಿಗೆಯಾದರೂ ಆ ಫ್ಯಾನಿನ ಮುಂದೆ ಕೂತು, ಅಂಗಿಯ ಗುಂಡಿ ಬಿಚ್ಚದೆ ಒಂದು ಸಹಿ ಹಾಕಬೇಕೆಂಬುದು ಅವರ ಆಸೆ. ಇದು ಖಾಸಗಿ ವಿಷಯವಾದರೂ ಸಾರ್ವಜನಿಕ ಹಿತದೃಷ್ಟಿಯಿಂದ ನಮೂದಿಸಲಾಗಿದೆ.

೬. ಇಂದಿನ ಕಾಳಗಕ್ಕೆ ಬಳ್ಳಾರಿಯ ಗುಮಾಸ್ತರೂ, ಸಿರುಗುಪ್ಪ ಶಾಖೆಯ ಶ್ರೀ ಹುಲುಗಪ್ಪನವರೂ, ಕುರುಗೋಡು ಶಾಖೆಯ ಶ್ರೀ ಎರ್ರೆಪ್ಪನವರೂ, ಅಧೀಕ್ಷಕರೂ ಸೈಕಲ್ ತಳ್ಳಿಕೊಂಡು ಗುಡ್ಡ ಹತ್ತಿರುತ್ತಾರೆ. ಹಿಂದಿನ ಸುತ್ತೋಲೆಯನ್ನು ಎಲ್ಲರೂ ಬಾಯಿಪಾಠ ಮಾಡಿದ್ದರಿಂದ ಈವರೆಗೆ ಒಬ್ಬರೂ ಇಳಿದಿರುವುದಿಲ್ಲ. ಹುಲುಗಪ್ಪನವರು, “ನೀವು ಮೊದ್ಲು ಇಳೀರಿ ಸಾಹೇಬ್ರ, ಹಿರಿಯರು ಅದೀರಿ” ಎಂದು ಗೌರವ ಸೂಚಿಸಿದ್ದಕ್ಕೆ, ಅಧೀಕ್ಷಕರು, “ನಾ ಇಳದ್ರ ನನ್ನ ಬೆನ್ನು ಸುಣ್ಣದ ಗ್ವಾಡಿ ಆಗತೈತಿ. ನೀ ಇಳಿಯಪ್ಪ, ವಯಸ್ಸೈತಿ” ಎಂದು ಉತ್ತರಿಸಿರುತ್ತಾರೆ. ಬಂಡೆ ಕಾದಿದೆ. ಕುಡಿಯುವ ನೀರು ಗುಡ್ಡದ ಬುಡದಲ್ಲಿದೆ.

೭. ಹಾಜರಿ ಕರೆಯಲಾಗಿ, ಉಜ್ಜಿನಪ್ಪನವರು ಗುಡ್ಡದ ಮೇಲೆ ಇಲ್ಲದಿರುವುದು ಗಮನಕ್ಕೆ ಬಂದಿದೆ. ಜವಾನ ಸುಂಕಣ್ಣ ಗುಡ್ಡದ ಬುಡದಿಂದ ಕೂಗಿ ಸಲ್ಲಿಸಿದ ವರದಿ: “ಅವ್ರು ಆಫೀಸ್ನಾಗ ಅದಾರ್ರೀ. ಹತ್ತಾದು ಯಾಕ, ಇಳಿಯಾದು ಯಾಕ, ಯಾರೂ ಗೆಲ್ಲಲಿಲ್ಲಂದ್ರ ಫ್ಯಾನು ನಂದ ಅಂತ ಹಚ್ಕೊಂಡು ಮಲಗ್ಯಾರ.” ಆ ನಿಯಮವನ್ನು ಬರೆದವರು ಅಧೀಕ್ಷಕರೇ ಎಂಬುದನ್ನು ಯಾರೂ ನೆನಪಿಸತಕ್ಕದ್ದಲ್ಲ.

೮. ಆದ್ದರಿಂದ, ಯಾರಾದರೂ ಒಬ್ಬರು ಕೂಡಲೇ ಇಳಿಯತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಅದು ಯಾರೆಂಬ ಬಗ್ಗೆ, ತಮ್ಮನ್ನು ಹೊರತುಪಡಿಸಿ, ಅಧೀಕ್ಷಕರು ಯೋಚಿಸುತ್ತಿದ್ದಾರೆ. ಈ ಸುತ್ತೋಲೆಯನ್ನು ಕಲ್ಲಿಗೆ ಕಟ್ಟಿ ಸುಂಕಣ್ಣನ ಕಡೆಗೆ ಎಸೆಯಲಾಗಿದೆ. ಕಲ್ಲು ಇಳಿದದ್ದನ್ನು ಅಧೀಕ್ಷಕರು ಇಳಿದರೆಂದು ಅರ್ಥೈಸತಕ್ಕದ್ದಲ್ಲ.

ಸಹಿ/- (ಬೆವರಿನಿಂದ ಅಳಿಸಿದೆ)
ತಿಪ್ಪೇರುದ್ರಪ್ಪ
ಅಧೀಕ್ಷಕರು
ಶಿಬಿರ: ಗುಡ್ಡದ ತುದಿ

ಪ್ರತಿಗಳು:
೧. ಸಿರುಗುಪ್ಪ ಮತ್ತು ಕುರುಗೋಡು ಶಾಖೆಗಳಿಗೆ. ಅಲ್ಲಿ ಯಾರೂ ಇಲ್ಲದ ಕಾರಣ ಇಲ್ಲಿಯೇ ಕೈಗೆ ಕೊಡಲಾಗಿದೆ.
೨. ಅಧೀಕ್ಷಕರ ಮನೆಯವರಾದ ಶ್ರೀಮತಿ ಗುರುಬಸಮ್ಮನವರಿಗೆ, ಬುತ್ತಿ ಮೇಲಕ್ಕೆ ಕಳಿಸುವ ಕೋರಿಕೆಯೊಂದಿಗೆ.
೩. ಶ್ರೀ ಉಜ್ಜಿನಪ್ಪನವರಿಗೆ, ಎಚ್ಚರವಾದ ಮೇಲೆ ಮಾಹಿತಿಗಾಗಿ. ಮಗ್ಗುಲು ಬದಲಿಸುವಾಗ ಫ್ಯಾನನ್ನು ಸ್ವಲ್ಪ ಹೊತ್ತು ಅಧೀಕ್ಷಕರ ಕುರ್ಚಿಯ ಕಡೆ ತಿರುಗಿಸಬೇಕೆಂದು ಸವಿನಯ ಪ್ರಾರ್ಥನೆ. ಕುರ್ಚಿ ಖಾಲಿಯಿದ್ದರೂ ಅಡ್ಡಿಯಿಲ್ಲ.