ನನ್ನ ಉಸಿರು ಇಟ್ಟುಕೊಂಡ ಕರಿ ಚೀಲದವರಿಗೆ

ಹಲಸೂರು, 1947

ದಂಡಿನ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ ನೇತಾಡುತ್ತಿರುವ ಶ್ರೀಮದ್ ರಬ್ಬರು ಉಸಿರುಚೀಲದವರ ಸನ್ನಿಧಿಗೆ,

ಮಾನ್ಯರೇ,

ತಾವು ಕಾಲಕಾಲಕ್ಕೆ ಉಬ್ಬುತ್ತ, ಕುಗ್ಗುತ್ತ ಕ್ಷೇಮವಾಗಿದ್ದೀರೆಂದು ನಂಬಿ, ವಾಲಗ ಊದಿ ಬದುಕುವ ಮುನಿಶಾಮಿಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಸಂಕ್ರಾಂತಿ ಕಳೆದ ಮೇಲೆ ನನಗೆ ಹರ್ನಿಯಾ ಆಪರೇಷನ್ ಆಗಿ, ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿದ್ದ ಹೊತ್ತಿನಲ್ಲಿ ನನ್ನ ಉಸಿರಾಟವೆಲ್ಲ ತಮ್ಮ ಮೂಲಕವೇ ನಡೆಯಿತು. ಇದಕ್ಕೆ ನಾನು ಚಿರಋಣಿ. ಆದರೆ ಬಾಗಿಲ ಗಾಜಿನಲ್ಲಿ ಇಣುಕಿದ ನನ್ನ ಅಕ್ಕ ದೊಡ್ಡಮುನಿಯಮ್ಮ, ನನ್ನ ಎದೆ ಇಳಿದಾಗಲೆಲ್ಲ ತಾವು ಉಬ್ಬುವುದನ್ನು ಕಂಡು, ತಮ್ಮನ ಪ್ರಾಣವನ್ನು ಚೀಲಕ್ಕೆ ತುಂಬುತ್ತಿದ್ದಾರೆಂದು ತೀರ್ಮಾನಿಸಿಬಿಟ್ಟಳು.

ನನಗೆ ಎಚ್ಚರವಾದ ಮೇಲೂ ಅವಳು ಚೀಲದವರಾದ ತಮ್ಮನ್ನು ಅಲ್ಲೇ ಬಿಟ್ಟು ಮನೆಗೆ ಹೊರಡಲೊಪ್ಪಲಿಲ್ಲ. ನರ್ಸ್ ಸಾಲೇಹಾ ತಮ್ಮನ್ನು ತಂದು ಅವಳೆದುರೇ ಚಪ್ಪಟೆಯಾಗಿ ಹಿಂಡಿ, “ನೋಡೀಮ್ಮಾ, ಎಲ್ಲಾ ವಾಪಸ್ ಕೊಟ್ಟಿದ್ದೀವಿ” ಎಂದರು. ಅವರು ಕೈಬಿಟ್ಟೊಡನೆ ತಾವು ರಬ್ಬರಿನ ಗುಣದಂತೆ ಮತ್ತೆ ತುಸು ಉಬ್ಬಿದಿರಿ. “ಇನ್ನೂ ಐತಲ್ಲವ್ವ ಒಳಗೆ” ಎಂದಳು ಅಕ್ಕ. ಮಾನ್ಯರೇ, ಆ ಒಂದು ಗಳಿಗೆ ತಾವು ಸುಮ್ಮನಿರಬಹುದಿತ್ತು.

ಮುಂದೆ ಬಾಣಸವಾಡಿಯ ಮುನಿರಾಜಪ್ಪನವರ ಮಗಳ ಮದುವೆ. ಮುಹೂರ್ತಕ್ಕೆ ಸರಿಯಾಗಿ, ಹೊಲಿಗೆ ಬಿಚ್ಚೀತೆಂಬ ಹೆದರಿಕೆಯಲ್ಲಿ ನನ್ನ ವಾಲಗ ನಡುವೆಯೇ ನಿಂತುಹೋಯಿತು. ಚಪ್ಪರವೆಲ್ಲ ನನ್ನತ್ತ ತಿರುಗಿತು. ಇನ್ನು ಈ ಸೀಮೆಯಲ್ಲಿ ಯಾರೂ ನನ್ನನ್ನು ಕರೆಯರೆಂದುಕೊಂಡೆ. ಆಗ ಅಕ್ಕ ಎದ್ದು ನಿಂತು, “ತಪ್ಪು ತಿಳ್ಕಬೇಡಿ, ಇವನ ಉಸಿರು ಒಸಿ ಆಸ್ಪತ್ರೇಲಿ ಉಳ್ಕಂಡೈತೆ” ಎಂದಳು. ಮುನಿರಾಜಪ್ಪನವರು ಹೊಟ್ಟೆ ಹಿಡಿದು ನಕ್ಕು, “ಇರೋದ್ರಲ್ಲೇ ಊದಪ್ಪ, ಹುಡುಗಿ ಕಾಯ್ತಾವ್ಳೆ” ಎಂದರು. ನನಗೂ ನಗು ಬಂತು. ನಕ್ಕರೂ ಹೊಲಿಗೆ ಬಿಚ್ಚಲಿಲ್ಲ. ಅಂದು ಊದಿದಂತೆ ನಾನು ಎಂದೂ ಊದಿರಲಿಲ್ಲ.

ಈಗ ಹೊರಮಾವಿನವರೆಗೂ ನನಗೇ ಕರೆ. ಆದರೆ ಚೆನ್ನಾಗಿ ಊದಿದರೆ “ಚೀಲದವರು ಉಸಿರು ಕಳಿಸಿಕೊಟ್ಟರು” ಎನ್ನುತ್ತಾರೆ, ತಪ್ಪಿದರೆ “ಪಾಪ, ಇನ್ನೂ ಕಳಿಸಿಲ್ಲ” ಎನ್ನುತ್ತಾರೆ. ಹೊಗಳಿಕೆಯೂ ತಮಗೆ, ಕ್ಷಮೆಯೂ ತಮ್ಮ ಹೆಸರಿನಲ್ಲಿ, ಕೆನ್ನೆನೋವು ಮಾತ್ರ ನನಗೆ. ಆದಕಾರಣ ತಾವು ದಯಮಾಡಿ ಮುಂದಿನ ಮದುವೆಗೆ ಬಿಜಯಂಗೈದು, ಮುಂದಿನ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಚಪ್ಪಟೆಯಾಗಿ ಕುಳಿತಿರಬೇಕೆಂದು ಬೇಡುವ,

ಒಮ್ಮೆ ತಮ್ಮಿಂದಲೇ ಬದುಕಿದ ತಮ್ಮ ವಿಶ್ವಾಸಿ,
ಮುನಿಶಾಮಿ

ಮರೆತ ಮಾತು: ಬರುವ ತಿಂಗಳು ಅಕ್ಕನಿಗೂ ಅಲ್ಲಿಯೇ ಆಪರೇಷನ್. ಅವಳು ಮನೆಯಲ್ಲಿ ಮಾತಾಡಿದರೆ ಕೆರೆಯಾಚೆಗೆ ಕೇಳಿಸುತ್ತದೆ. ಅವಳ ಉಸಿರಿನಲ್ಲಿ ಸ್ವಲ್ಪವನ್ನು ತಾವು ನಿಜವಾಗಿಯೂ ಇಟ್ಟುಕೊಂಡರೆ ನಮ್ಮ ಬೀದಿಯವರದೇನೂ ತಕರಾರಿಲ್ಲ.