ಮೂವತ್ತೆರಡನೆಯ ಕಾಯಿ

ಹೆಗ್ಗದ್ದೆಯ ದೇವೀರಪ್ಪನವರು ಬೆಳಗಿನ ಜಾವ ಶಿವೈಕ್ಯರಾದರೆಂಬ ಸುದ್ದಿ ಬಂದಾಗ ಬೆಳಗೋಡಿನ ಮೃತ್ಯುಂಜಯ ಒಂದು ಪ್ಲಾಸ್ಟಿಕ್ ಕುದುರೆಯ ಮೂಗನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ ಕುಳಿತಿದ್ದ. ಫೋನು ಕೆಳಗಿಟ್ಟವನ ಬಾಯಿಂದ ಮೊದಲು ಬಂದ ಮಾತು, "ಹಂಗಾದ್ರೆ ಆನೆ ನಂದಾಯ್ತು" ಎಂಬುದು. ಮರುಕ್ಷಣವೇ ನಾಚಿ, ಎರಡೂ ಕೆನ್ನೆಗೆ ಬಡಿದುಕೊಂಡು, "ಶಿವ ಶಿವ" ಎಂದ. ಆದರೆ ಬಾಯಿಂದ ಹೊರಟ ಮಾತು ಹೊರಟೇ ಹೋಗಿತ್ತು.

ಈ ಆನೆಯ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಮೃತ್ಯುಂಜಯ ಮೂವತ್ತು ವರ್ಷ ಕಾಫಿ ಎಸ್ಟೇಟೊಂದರಲ್ಲಿ ಉಗ್ರಾಣದ ಲೆಕ್ಕ ಬರೆಯುವ ಸ್ಟೋರ್ ರೈಟರಾಗಿದ್ದು ನಿವೃತ್ತನಾದವನು. ಬೇರೆಯವರು ನಿವೃತ್ತರಾದ ಮೇಲೆ ತೀರ್ಥಯಾತ್ರೆ ಮಾಡುತ್ತಾರೆ. ಇವನು ಪ್ಲಾಸ್ಟಿಕ್ ಚೆಸ್ ಸೆಟ್ಟುಗಳನ್ನು ಕೂಡಿಹಾಕಿದ. ಮನೆಯಲ್ಲಿ ಅರವತ್ತೊಂದು ಸೆಟ್ಟುಗಳಿದ್ದವು. ಮರದ ಕಾಯಿಗಳನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಮಾತ್ರ ಅವನಿಗೆ ನೋಡಿದಷ್ಟೂ ಸೊಗಸು. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಕುದುರೆಯ ಹಣೆಯಿಂದ ಮೂಗಿಗೆ ಹೇಗೆ ಇಳಿದಿದೆ, ಬಿಳಿಯ ರಾಜ ಇಪ್ಪತ್ತು ವರ್ಷದಲ್ಲಿ ಹೇಗೆ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದಾನೆ, ಟೊಳ್ಳು ಕಾಲಾಳು ಮೇಜಿನ ಮೇಲೆ ಬಿದ್ದರೆ ಎಂಥ ಸದ್ದು ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ವರ್ಣಿಸುತ್ತಿದ್ದ. ಕೇಳುವವರು ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡುತ್ತಿದ್ದರು.

ಅರವತ್ತೊಂದರಲ್ಲಿ ಪಟ್ಟದ ಸೆಟ್ಟು ಒಂದಿತ್ತು. ಆಲೂರಿನಲ್ಲಿ ಬಾಗಿಲು ಹಾಕುತ್ತಿದ್ದ ಅಂಗಡಿಯಲ್ಲಿ ಸಿಕ್ಕಿದ್ದು. ಕೆಂಪು ಮತ್ತು ಕೆನೆ ಬಣ್ಣ. ಬೇರೆ ಸೆಟ್ಟುಗಳಲ್ಲಿ ಆನೆ ಎಂದರೆ ಕೋಟೆಯ ಬುರುಜಿನಂಥ ಒಂದು ಕಾಯಿ, ಅಷ್ಟೆ. ಇದರಲ್ಲಿ ಮಾತ್ರ ಸೊಂಡಿಲೆತ್ತಿ ನಿಂತ ನಿಜವಾದ ಆನೆ. ಹೆಂಡತಿ ಪಾರ್ವತಮ್ಮನ ಮದುವೆ ಸೀರೆಯನ್ನು ಟ್ರಂಕಿಗೆ ದಾಟಿಸಿ, ಬೀರುವಿನ ಆ ಜಾಗದಲ್ಲಿ ಅವನು ಇದನ್ನು ಇಟ್ಟಿದ್ದ. ಕೊರತೆ ಒಂದೇ. ಸೆಟ್ಟು ತಂದ ವಾರವೇ ಗೆಳೆಯ ದೇವೀರಪ್ಪನವರ ಜೊತೆ ಪಂದ್ಯ ಕಟ್ಟಿ ಒಂದು ಕೆಂಪು ಆನೆಯನ್ನು ಸೋತುಬಿಟ್ಟಿದ್ದ. ಅಂದಿನಿಂದ ಹನ್ನೊಂದು ವರ್ಷ ಪ್ರತಿ ಭಾನುವಾರ ಹೆಗ್ಗದ್ದೆಗೆ ಹೋಗಿ ಅದನ್ನು ಗೆಲ್ಲಲು ಆಡಿದ; ಪ್ರತಿ ಭಾನುವಾರ ಸೋತು ಬಂದ. ದೇವೀರಪ್ಪನವರು ನಗುತ್ತ ಹೇಳುತ್ತಿದ್ದರು: "ಇದ್ದಾಗಂತೂ ಕೊಡಾಕಿಲ್ಲ ಕಣೋ. ನಾ ಸತ್ಮೇಲೆ ತಗೊಂಡ್ಹೋಗು."

ಅವನು ಚಪ್ಪಲಿ ಮೆಟ್ಟುವಾಗ ಪಾರ್ವತಮ್ಮ ಹೇಳಿದಳು: "ಅಲ್ಲೋಗಿ ಅತ್ತು ಕರೆದು ಬಿಪಿ ಏರಿಸ್ಕೋಬೇಡಿ. ದೇವ್ರಂಥ ಮನುಷ್ಯ ಹೋದ್ರು, ಅಲ್ಲಿ ನಾಲ್ಕು ಜನಕ್ಕೆ ನೆರವಾಗಿ."

ಅವನು ಹೂಂ ಎಂದ. ತಲೆಯಲ್ಲಿ ಆನೆ ನಡೆಯುತ್ತಿತ್ತು.

ಹೆಗ್ಗದ್ದೆಯ ಮನೆಯ ನಡುಮನೆಯಲ್ಲಿ ದೇವೀರಪ್ಪನವರನ್ನು ಗೋಡೆಗೊರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿದ್ದರು. ಲಿಂಗವಂತರಲ್ಲಿ ಹೋದವರು ಮಲಗುವುದಿಲ್ಲ. ಕುಳಿತೇ ಮಣ್ಣಿಗೆ ಹೋಗುತ್ತಾರೆ. ಕಣ್ಣು ಅರೆ ಮುಚ್ಚಿ, ತಲೆ ತುಸು ಬಾಗಿಸಿ ಕುಳಿತಿದ್ದ ಅವರು ಭಾನುವಾರದ ದೇವೀರಪ್ಪನವರ ಹಾಗೆಯೇ ಕಂಡರು. 'ನಿಧಾನವಾಗಿ ನಡೆಸೋ, ನಂಗೇನೂ ಅವಸರ ಇಲ್ಲ' ಎನ್ನುವ ಹಾಗಿತ್ತು ಆ ಮುಖ. ಮೃತ್ಯುಂಜಯ ಕೈಮುಗಿದ. ಮುಗಿದ ಕೈಯ ಸಂದಿಯಿಂದ ಗೋಡೆಯ ಗೂಡನ್ನು ನೋಡಿದ.

ಆನೆ ಸದಾ ಇರುತ್ತಿದ್ದುದು ಆ ಗೂಡಿನಲ್ಲಿ, ಟಾರ್ಚು ಮತ್ತು ನಶ್ಯದ ಡಬ್ಬಿಯ ನಡುವೆ. ಟಾರ್ಚು ಇತ್ತು. ಡಬ್ಬಿ ಇತ್ತು. ಆನೆ ಇರಲಿಲ್ಲ.

ಕೆಳಗೆ ಬಿದ್ದಿರಬಹುದೆಂದು ಮೃತ್ಯುಂಜಯ ಹತ್ತಿರ ಸರಿದ. ದೇವೀರಪ್ಪನವರ ಪಕ್ಕದ ಮಂಚದ ಕೆಳಗೆ ಕಣ್ಣಾಡಿಸಲು ಬಗ್ಗಿದ. ಕಾಣಲಿಲ್ಲವೆಂದು ಇನ್ನಷ್ಟು ಬಗ್ಗಿದ. ಕಡೆಗೆ ಹೊಟ್ಟೆಯ ಮೇಲೆ ಮಲಗಿ ತಲೆಯನ್ನು ಮಂಚದಡಿಗೆ ತೂರಿಸಿದ. ಹಿಂದೆ ಕುಳಿತಿದ್ದ ಹೆಂಗಸರಿಗೆ ಕಂಡದ್ದು ಗೆಳೆಯನ ಪಾದದ ಬಳಿ ಉದ್ದಕ್ಕೆ ಬಿದ್ದ ಒಬ್ಬ ಮುದುಕ.

"ಅಯ್ಯೋ, ರೈಟ್ರು ಬಿದ್ದೋದ್ರು, ಹಿಡ್ಕಳಿ" ಎಂದು ಒಬ್ಬಾಕೆ ಕೂಗಿದಳು.

ನಾಲ್ಕು ಜನ ಕಾಲು ಹಿಡಿದು ಎಳೆದರು. ಒಬ್ಬರು ಮುಖಕ್ಕೆ ನೀರು ಹೊಡೆದರು, ಇನ್ನೊಬ್ಬರು ಅಂಗಾಲು ತಿಕ್ಕಿದರು, ಮತ್ತೊಬ್ಬರು ಮೊರದಿಂದ ಗಾಳಿ ಬೀಸಿದರು. ಮೊರದಲ್ಲಿ ಉಳಿದಿದ್ದ ಭತ್ತದ ಹೊಟ್ಟೆಲ್ಲ ಒದ್ದೆ ಮುಖಕ್ಕೆ ಅಂಟಿ ಮೃತ್ಯುಂಜಯ ಆಗತಾನೇ ಕಣದಿಂದ ಎದ್ದು ಬಂದ ಬೆದರುಬೊಂಬೆಯಂತಾದ.

"ಒಡಹುಟ್ಟಿದೋರೂ ಹಿಂಗೆ ಸಂಕಟ ಪಡಾಕಿಲ್ಲ ಕಣವ್ವ" ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಈ ಉಪಚಾರ ಮುಗಿದ ಮೇಲೆ ಅವನು ಸುಧಾರಿಸಿಕೊಳ್ಳುವ ನೆವದಲ್ಲಿ ಒಳಕೋಣೆಗೆ ಹೋದ. ಮೊಳೆಗೆ ದೇವೀರಪ್ಪನವರ ಅಂಗಿ ತೂಗಾಡುತ್ತಿತ್ತು. ಸುತ್ತ ನೋಡಿ ಅದರ ಜೇಬಿಗೆ ಕೈ ಹಾಕಿದ. ಅದೇ ಹೊತ್ತಿಗೆ ಪಕ್ಕದ ಮನೆಯ ಅಣ್ಣಯ್ಯ ಒಳಗೆ ಬಂದ. ಅಣ್ಣಯ್ಯ ಹಾಲಿನ ಡೈರಿಯ ಸೆಕ್ರೆಟರಿ. ಊರಿನಲ್ಲಿ ಮದುವೆಯಾಗಲಿ ಮರಣವಾಗಲಿ, ಯಾರೂ ಹೇಳದಿದ್ದರೂ ಯಜಮಾನಿಕೆ ಅವನದೇ.

"ಏನ್ ರೈಟ್ರೇ, ಸತ್ತೋರ ಜೇಬಲ್ಲಿ ಏನ್ ಹುಡುಕ್ತಾ ಇದೀರಿ?"

ಬಾಗಿಲಲ್ಲಿ ಮೂರು ತಲೆ ಇಣುಕಿದವು. ಆನೆ ಎಂದರೆ ಆಸೆಬುರುಕನಾಗಬೇಕು; ಸುಮ್ಮನಿದ್ದರೆ ಕಳ್ಳನಾಗಬೇಕು. ಮೃತ್ಯುಂಜಯ ಜೇಬಿನಿಂದ ಕೈ ತೆಗೆದ.

"ಏನಿಲ್ಲ ಅಣ್ಣಯ್ಯ. ಅವ್ರಿಗೆ ಚೆಸ್ ಅಂದ್ರೆ ಪ್ರಾಣ. ಅವ್ರ ಜೊತೆಗೆ ಒಂದು ಕಾಯಿ ಇಡೋಣಾಂತ ಹುಡುಕ್ದೆ."

ಅಣ್ಣಯ್ಯನ ಮುಖ ಮೆತ್ತಗಾಯಿತು. ಕಣ್ಣಲ್ಲಿ ನೀರೇ ಬಂತು. "ಎಂಥ ಮಾತು ಆಡ್ಬುಟ್ರಿ ಮಾರಾಯ್ರೆ. ಆದ್ರೆ ಒಂದು ಕಾಯಿ ಕೊಟ್ಟು ಕಳಿಸಿದ್ರೆ ಅವ್ರು ಆಡೋದೆಂಗೆ? ಇಟ್ರೆ ಪೂರ್ತಿ ಸೆಟ್ಟು ಇಡ್ಬೇಕು. ನಿಮ್ಮನೇಲಿ ರಾಶಿ ಐತಲ್ಲ."

"ಈಗ ಅದನ್ನ ತರೋರ್ಯಾರು, ಹೋಗ್ಲಿ ಬುಡಿ."

"ನೀವು ಸುಮ್ಕಿರಿ, ನಾನಿದೀನಿ" ಎಂದು ಅಣ್ಣಯ್ಯ ಹೊರಟೇಬಿಟ್ಟ.

ಹೆಗ್ಗದ್ದೆಯಲ್ಲಿ ಫೋನು ಮಾತಾಡುವುದು ಮೋರಿಯ ಹತ್ತಿರದ ತಿರುವಿನಲ್ಲಿ ಮಾತ್ರ. ಮೃತ್ಯುಂಜಯ ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಣ್ಣಯ್ಯ ಮಾತು ಮುಗಿಸಿ, ಮೀಸೆ ಸವರುತ್ತ ಎದುರು ಬರುತ್ತಿದ್ದ. ಇವನು ಹೆಂಡತಿಗೆ ಫೋನು ಮಾಡಿದ; ಲೈನು ಸಿಕ್ಕಿದ್ದು ಅರ್ಧ ಗಂಟೆಯ ಮೇಲೆ.

"ಕಳಿಸ್ದೆ ಕಣ್ರೀ" ಎಂದಳು ಪಾರ್ವತಮ್ಮ. "ದೇವೀರಪ್ಪನೋರ ಅಳಿಯ ದಯಾನಂದ ಜೀಪಲ್ಲಿ ಈ ಕಡೆಯಿಂದ್ಲೇ ಹೊಂಟಿದ್ರಂತೆ. ಮನೆ ಹತ್ರ ಬಂದು ಇಸ್ಕೊಂಡೋದ್ರು."

"ಯಾವ್ದು ಕಳಿಸ್ದೆ? ಅಟ್ಟದ ಮೇಲೆ ಹಸಿರು ಡಬ್ಬಿ ಇತ್ತಲ್ಲ, ಕುದುರೆ ಕಿವಿ ಮುರಿದಿದ್ದು, ಅದನ್ನ ತಾನೆ?"

"ಸತ್ತೋರಿಗೆ ಮುರುಕ್ಲು ಕಳಿಸ್ತಾರಾ? ಶಿವ ಮೆಚ್ತಾನಾ? ಬೀರೂನಲ್ಲಿದ್ದ ಕೆಂಪುದನ್ನ ಕಳಿಸ್ದೆ. ಆ ಜಾಗಕ್ಕೆ ಸೀರೆ ಇಟ್ಟೆ."

ಮೃತ್ಯುಂಜಯ ಮೋರಿಯ ಕಟ್ಟೆಯ ಮೇಲೆ ಕುಸಿದು ಕುಳಿತ. ಈ ಸಲ ನಿಜವಾಗಿಯೇ ಯಾರಾದರೂ ನೀರು ಹೊಡೆಯಬೇಕಿತ್ತು, ಯಾರೂ ಇರಲಿಲ್ಲ.

ಜೀಪು ಬಂತು. ಡಬ್ಬಿ ಇಳಿಯಿತು. ಅಣ್ಣಯ್ಯ ಅದನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಮಠದ ಅಯ್ಯನವರ ಮುಂದೆ ತಂದಿಟ್ಟ. ಅಯ್ಯನವರು ಯೋಚಿಸಿ, "ಹೋಗುವವರಿಗೆ ಅಂಗೈಯ ಲಿಂಗ ಒಂದೇ ಸಾಕು. ಆದರೂ ಸ್ನೇಹದ ಕಾಣಿಕೆ, ಬೇಡ ಅನ್ನಬಾರದು. ಪಾದದ ಬಳಿ ಇಡಿ" ಎಂದರು.

ಮೃತ್ಯುಂಜಯ ಕಡೆಯ ಪ್ರಯತ್ನ ಮಾಡಿದ. "ಅಯ್ನೋರೆ, ಈ ಸೆಟ್ಟು ಊನ ಆಗೈತೆ. ಒಂದು ಆನೆ ಇಲ್ಲ. ಊನ ಆಗಿರೋದನ್ನ ಇಡ್ಬಾರ್ದು. ನಾಳೆ ಬೇಕಾದ್ರೆ ಬೇರೆ…"

"ಆನೆ ಇಲ್ಲ ಅಂತ ಕೊರಗ್ತೀರಲ್ಲ ರೈಟ್ರೇ" ಎಂದ ಅಣ್ಣಯ್ಯ. "ನಿನ್ನೆ ಎಂಟು ಆನೆ ನನ್ನ ಗದ್ದೆ ತುಳಿದೋದ್ವು. ನಮ್ಮ ಸೀಮೇಲಿ ಆನೆ ಸಾಲ್ದು ಅಂದೋರು ನೀವೊಬ್ರೇ."

ಸಾವಿನ ಮನೆಯಲ್ಲಿ ನಗಬಾರದೆಂದು ಜನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಮಧ್ಯಾಹ್ನ ಮೂರಕ್ಕೆ ತೋಟದ ಮೂಲೆಯಲ್ಲಿ, ಸಿಲ್ವರ್ ಓಕ್ ಮರದ ಬುಡದಲ್ಲಿ ತೋಡಿದ್ದ ಗುಣಿಯೊಳಗೆ ದೇವೀರಪ್ಪನವರನ್ನು ಕೂರಿಸಿದರು. ವಿಭೂತಿ ಗಟ್ಟಿ, ಬಿಲ್ವಪತ್ರೆ ಎಲ್ಲ ಆದ ಮೇಲೆ ಅಣ್ಣಯ್ಯ ಡಬ್ಬಿಯನ್ನು ಮೃತ್ಯುಂಜಯನ ಕೈಗಿತ್ತ. "ನಿಮ್ಮ ಕೈಯಾರೆ ಇಡಿ." ಅವನು ಮಂಡಿಯೂರಿ, ಮುಚ್ಚಳ ತೆಗೆದು ಒಂದು ಸಲ ನೋಡಿದ. ಉಳಿದಿದ್ದ ಒಂದು ಕೆಂಪು ಆನೆ ಸೊಂಡಿಲೆತ್ತಿ ಅವನನ್ನೇ ನೋಡುತ್ತಿತ್ತು. ಡಬ್ಬಿ ಇಟ್ಟು ಎದ್ದಾಗ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅಷ್ಟು ಅತ್ತವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಮಣ್ಣು ಬಿತ್ತು. ಜನ ಹಿಡಿ ಹಿಡಿ ಹಾಕಿದರು, ಗುದ್ದಲಿಯವರು ಗುಡ್ಡೆ ಮಾಡಿದರು.

ಎಲ್ಲರೂ ತೋಟದ ತೊರೆಯಲ್ಲಿ ಕೈಕಾಲು ತೊಳೆದು ಬರುವಾಗ ದೇವೀರಪ್ಪನವರ ಮಗಳು ಶ್ವೇತಾ ಅವನ ಬಳಿ ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಸೆರಗಿನ ಮರೆಯಿಂದ ಒಂದು ಪುಟ್ಟ ಲಕೋಟೆ ತೆಗೆದಳು.

"ರೈಟರ್ ಮಾವ, ಹೋದ ವಾರ ಉಬ್ಬಸ ಜೋರಾಗಿ ಮಲಗಿದಾಗ ಅಪ್ಪ ಇದನ್ನ ನಿಮಗೆ ಕೊಡು ಅಂತ ನನ್ನ ಕೈಗೆ ಕೊಟ್ಟಿದ್ರು. ಮಣ್ಣಾದ ಮೇಲೇ ಕೊಡ್ಬೇಕು, ಮುಂಚೆ ಕೊಡ್ಬೇಡ ಅಂದಿದ್ರು."

"ಯಾಕವ್ವ ಹಂಗಂದ್ರು?"

ಶ್ವೇತಾ ಸಂಕೋಚಪಟ್ಟಳು. "ಬೇಜಾರ್ ಮಾಡ್ಕೋಬೇಡಿ. 'ಮುಂಚೇನೇ ಕೊಟ್ರೆ ಅವ್ನು ನನ್ನ ಮಣ್ಣಿಗೆ ನಿಲ್ಲಾಕಿಲ್ಲ, ಕಾಯಿ ಜೇಬಿಗೆ ಹಾಕ್ಕೊಂಡು ಮೊದಲ್ನೇ ಬಸ್ಸಿಗೆ ಹೋಗ್ಬುಡ್ತಾನೆ' ಅಂದಿದ್ರು. ನೀವು ಇವತ್ತು ಪಟ್ಟ ಸಂಕಟ ನೋಡಿದ್ರೆ ಅಪ್ಪ ಹಂಗನ್ಬಾರದಿತ್ತು ಮಾವ."

ಲಕೋಟೆಯೊಳಗೆ ಕೆಂಪು ಆನೆ ಇತ್ತು. ಹನ್ನೊಂದು ವರ್ಷ ಅವರು ಅದನ್ನು ಒರೆಸಿ ಒರೆಸಿ ಇಟ್ಟಿದ್ದರೆಂದು ಕಾಣುತ್ತದೆ, ಹೊಸದರಂತೆ ಮಿರುಗುತ್ತಿತ್ತು. ಬೆಳಿಗ್ಗೆ ಅವನ ಬಳಿ ಮೂವತ್ತೊಂದು ಕಾಯಿಗಳಿದ್ದವು, ಒಂದು ಇರಲಿಲ್ಲ. ಈಗ ಒಂದು ಇತ್ತು, ಮೂವತ್ತೊಂದು ಇರಲಿಲ್ಲ.

ಅವನು ಒಬ್ಬನೇ ತಿರುಗಿ ಹಸಿ ಮಣ್ಣಿನ ಗುಡ್ಡೆಯ ಬಳಿಗೆ ಹೋದ. ಮೊದಲು ಸಿಟ್ಟು ಬಂತು. ಆಮೇಲೆ, ಹಾಸಿಗೆಯಲ್ಲಿ ಮಲಗಿ ಉಸಿರಿಗೆ ಒದ್ದಾಡುತ್ತಲೇ ತನ್ನನ್ನು ಇಷ್ಟು ಸರಿಯಾಗಿ ಅಳೆದ ಮನುಷ್ಯನನ್ನು ನೆನೆದು, ತಡೆಯಲಾರದೆ ನಗು ಬಂತು. ಇನ್ನು ಭಾನುವಾರ ಎಲ್ಲಿಗೂ ಹೋಗುವುದಿಲ್ಲ ಎಂಬುದು ಹೊಳೆದಾಗ ನಗು ನಿಂತಿತು. ಆನೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎರಡೂ ಕೈ ಮುಗಿದ.

"ಶಿವನೇ, ಬೆಳಿಗ್ಗೆಯಿಂದ ಆನೆ ಕೊಡು ಅಂತ ನಿನ್ನ ಹತ್ತು ಸಲ ಬೇಡ್ದೆ, ಇವ್ರಿಗಾಗಿ ಒಂದು ಸಲಾನೂ ಬೇಡ್ಲಿಲ್ಲ. ತಪ್ಪಾಯ್ತು. ನನ್ನ ದೇವೀರಣ್ಣನ ಆತ್ಮಕ್ಕೆ ಶಾಂತಿ ಕೊಡಪ್ಪ."