ಗಾಜಿನ ಜಗಲಿಗೆ ನನ್ನ ಅನುಮೋದನೆ

ನನ್ನ ತಲೆಯ ಮೇಲಿನ ಸೂರು ನನ್ನದು. ಕಾಲಡಿಯ ನೆಲ ಟ್ರಸ್ಟಿನದು. ಇವೆರಡರ ನಡುವೆ ನಿಂತಿರುವ ನಾನು ನನ್ನ ಹೆಂಡತಿ ಲಿಯೋನಾಳ ಸ್ವತ್ತು. ಮೊದಲ ಎರಡಕ್ಕೆ ಕಾಗದಪತ್ರ ಇದೆ. ಮೂರನೆಯದಕ್ಕೆ ಇಲ್ಲ, ಬೇಕಾಗಿಯೂ ಇಲ್ಲ, ಊರಿಗೆಲ್ಲ ಗೊತ್ತು.

ಅಮೆರಿಕದ ಒಂದು ಮೂಲೆಯಲ್ಲಿರುವ ನಮ್ಮ ವರ್ಮಾಂಟ್ ಗುಡ್ಡಗಳ ಮೇಲೆ ದೊಡ್ಡ ಪಟ್ಟಣದ ಸಿರಿವಂತರ ಕಣ್ಣು ಬಿದ್ದಾಗಿನಿಂದ, ಇಲ್ಲೇ ಹುಟ್ಟಿ ಇಲ್ಲೇ ಶಾಲೆಯ ಬಸ್ಸು ಓಡಿಸುವ ನನ್ನಂಥವನಿಗೆ ಒಂದು ಕೋಳಿಗೂಡು ಕೊಳ್ಳುವುದೂ ಕನಸಾಗಿತ್ತು. ಮದುವೆಯಾದ ಮೇಲೆ ನಾವು ಬೆಕ್ಕು ಮರಿಗಳನ್ನು ಸಾಗಿಸಿದ ಹಾಗೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಸಾಗಿಸಿದವರು. ಆಗ ಊರವರೇ ಸೇರಿ ಕಟ್ಟಿದ ಟ್ರಸ್ಟು ಒಂದು ಹಳೆಯ ಹೈನಿನ ಫಾರಂ ಕೊಂಡಿತು. ಕಾಡನ್ನೂ ಹುಲ್ಲುಗಾವಲನ್ನೂ ಯಾರೂ ಮುಟ್ಟದ ಹಾಗೆ ಕಾದಿರಿಸಿ, ರಸ್ತೆ ಬದಿಯಲ್ಲಿ ಒಂದಿಷ್ಟು ಮನೆ ಕಟ್ಟಿ, ನಮ್ಮಂಥವರ ಕೈಗೆಟುಕುವ ಬೆಲೆಗೆ ಕೊಟ್ಟಿತು. ಮನೆ ಮಾತ್ರ ಕೊಟ್ಟಿತು, ನೆಲ ತಾನೇ ಇಟ್ಟುಕೊಂಡಿತು. ನಾಳೆ ನಾವು ಮಾರಿದರೂ ಮುಂದೆ ಬರುವವರಿಗೆ ಎಟುಕುವ ಬೆಲೆಗೇ ಮಾರಬೇಕು. ಇದರಲ್ಲಿ ನನ್ನ ತಕರಾರೇನೂ ಇಲ್ಲ. ಕೀಲಿ ಕೈಗೆ ಬಂದ ದಿನ ನಾನು ಹೊಸಿಲ ಮೇಲೆ ಕೂತು ಅತ್ತುಬಿಟ್ಟಿದ್ದೆ. (ಲಿಯೋನಾ ಅಳಲಿಲ್ಲ. ಅಡುಗೆಮನೆಯ ಕಿಟಕಿ ಚಿಕ್ಕದಾಯಿತು ಎಂದಳು.)

ಆ ಕಿಟಕಿಯೇ ನನ್ನ ಗ್ರಹಚಾರದ ಮೂಲ. ನಮ್ಮ ಮನೆಗಳಿಗೆಲ್ಲ ಸೇರಿ ಒಂದು ದೊಡ್ಡ ತರಕಾರಿ ತೋಟ ಇದೆ. ಅದಕ್ಕೆ ಬೇಕಾದ ಸಸಿಗಳನ್ನೆಲ್ಲ ಬೆಳೆಸಿಕೊಡುವ ಹೊಣೆಯನ್ನು ಲಿಯೋನಾ ಯಾರೂ ಕೇಳದೆಯೇ ಹೊತ್ತುಕೊಂಡಿದ್ದಾಳೆ. ಹೊರಗೆ ಮೊಣಕಾಲುದ್ದ ಹಿಮ ಇರುವಾಗಲೇ, ಆ ಚಿಕ್ಕ ಕಿಟಕಿಯಲ್ಲಿ ಜಾಗ ಸಾಲದೆ, ನಮ್ಮ ಊಟದ ಮೇಜಿನ ಮೇಲೆ ಟೊಮೇಟೊ, ಕೋಸು, ಮೆಣಸಿನಕಾಯಿಗಳ ಸಾಮ್ರಾಜ್ಯ ಸ್ಥಾಪನೆಯಾಗುತ್ತದೆ.

"ಓರಿನ್, ಟೊಮೇಟೊ ಮೇಲಿಂದ ಮೊಣಕೈ ತೆಗಿ."

"ನಾನೆಲ್ಲಿ ಊಟ ಮಾಡ್ಲಿ ಹೇಳೇ?"

"ತಟ್ಟೆ ಕೈಯಲ್ಲಿ ಹಿಡ್ಕೊ. ನಿನಗೆ ಕೈ ಇದೆ, ಅದಕ್ಕಿಲ್ಲ."

ಇದಕ್ಕೆಲ್ಲ ಪರಿಹಾರವಾಗಿ ನಾನು ಆಕೆಗೆ ಒಂದು ಗಾಜಿನ ಜಗಲಿಯ ಆಶ್ವಾಸನೆ ಕೊಟ್ಟಿದ್ದೆ. ಮನೆಯ ದಕ್ಷಿಣಕ್ಕೆ, ಮೂರು ಕಡೆ ಗಾಜು, ದಿನವಿಡೀ ಬಿಸಿಲು. ಸಸಿಗೂ ಆಯಿತು, ಚಳಿಗೆ ಹಿಡಿದುಕೊಳ್ಳುವ ಆಕೆಯ ಮಂಡಿಗೂ ಆಯಿತು. ಆಶ್ವಾಸನೆ ಕೊಟ್ಟು ಎಷ್ಟು ವರ್ಷವಾಯಿತು ಎಂದು ನಾನು ಹೇಳುವುದಿಲ್ಲ. ಲಿಯೋನಾಳನ್ನು ಕೇಳಿ, ತಿಂಗಳು ಸಮೇತ ಹೇಳುತ್ತಾಳೆ.

ನನಗೆ ಅಂಥ ಅವಸರ ಇರಲಿಲ್ಲ. ಏಕೆಂದರೆ ನನಗೆ ನನ್ನ ಶೆಡ್ಡು ಇತ್ತು. ಹಿತ್ತಲಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತ ಗಟ್ಟಿ ಮರದ ಶೆಡ್ಡು. ಒಳಗೆ ಸೌದೆ ಒಲೆ, ಬೇಸ್‌ಬಾಲ್ ಕೇಳಲು ರೇಡಿಯೊ, ಎಂದಾದರೂ ರಿಪೇರಿ ಮಾಡಲಿರುವ ದೋಣಿಯ ಎಂಜಿನ್, ಮತ್ತು ಲಿಯೋನಾ ಮನೆಯಿಂದ ಹೊರಗೆ ಹಾಕಿದ ನನ್ನ ಪ್ರೀತಿಯ ಆರಾಮಕುರ್ಚಿ. ನಾನು ಅದನ್ನು ಕಾರ್ಯಾಗಾರ ಎನ್ನುತ್ತೇನೆ. ಆಕೆ ತಪೋವನ ಎನ್ನುತ್ತಾಳೆ. ಅಲ್ಲಿ ಈವರೆಗೆ ಏನಾದರೂ ತಯಾರಾಗಿದೆಯೇ ಎಂದು ಕೇಳುವವರು ತಪಸ್ಸಿನ ಬೆಲೆ ಅರಿಯದವರು.

ಇನ್ನು ನನ್ನ ಸಾರ್ವಜನಿಕ ಜೀವನದ ಬಗ್ಗೆ ಎರಡು ಮಾತು. ಟ್ರಸ್ಟಿನ ವಾರ್ಷಿಕ ಸಭೆ ಪ್ರತಿ ವಸಂತದಲ್ಲಿ ಹಳೆಯ ಹುಲ್ಲಿನ ಕೊಟ್ಟಿಗೆಯಲ್ಲಿ ನಡೆಯುತ್ತದೆ. ಎಡಗಡೆ ಮನೆ ಪಕ್ಷದವರು ಕೂರುತ್ತಾರೆ. ಇನ್ನೂ ಮನೆ ಕಟ್ಟದಿದ್ದರೆ ಜನ ಎಲ್ಲಿಗೆ ಹೋಗಬೇಕು ಎಂಬುದು ಇವರ ವಾದ. ಬಲಗಡೆ ಕಪ್ಪೆ ಪಕ್ಷದವರು. ಮನೆ ಕಟ್ಟುತ್ತಲೇ ಹೋದರೆ ಕಪ್ಪೆ ಎಲ್ಲಿಗೆ ಹೋಗಬೇಕು ಎಂಬುದು ಅವರ ವಾದ. ಇಬ್ಬರೂ ಒಳ್ಳೆಯವರೇ. ಒಬ್ಬರ ಬಾಗಿಲಿಗೆ ಹಿಮ ಬಿದ್ದರೆ ಇನ್ನೊಬ್ಬರು ಸಲಿಕೆ ಹಿಡಿದು ಬರುತ್ತಾರೆ. ಸಭೆಯಲ್ಲಿ ಮಾತ್ರ ಹಾವು ಮುಂಗುಸಿ. ನಾನು ಎರಡಕ್ಕೂ ಸೇರಿದವನಲ್ಲ. ಹಿಂದುಗಡೆ, ಊಟದ ಮೇಜಿನ ಪಕ್ಕ ಕೂರುವ ಮೂರನೆಯ ಪಕ್ಷದ ಸಂಸ್ಥಾಪಕ ಅಧ್ಯಕ್ಷ ನಾನು.

ಸಭೆಗೆ ಪ್ರತಿ ಮನೆಯಿಂದ ಒಂದು ಅಡುಗೆ ಬರುತ್ತದೆ. ಆದರೆ ಎಲ್ಲ ಗೊತ್ತುವಳಿಗಳೂ ಮುಗಿಯುವವರೆಗೆ ಒಂದು ಚಮಚವನ್ನೂ ಮುಟ್ಟುವ ಹಾಗಿಲ್ಲ. ಒಬ್ಬರು ಗೊತ್ತುವಳಿ ಮಂಡಿಸಿದರೆ ಇನ್ನೊಬ್ಬರು ಅನುಮೋದಿಸಬೇಕು. ಅನುಮೋದಿಸುವವರು ತಡಮಾಡಿದರೆ ಚರ್ಚೆ ಹುಟ್ಟುತ್ತದೆ. ಚರ್ಚೆ ಹುಟ್ಟಿದರೆ ಚಿಕನ್ ಪೈ ಆರುತ್ತದೆ. ಇದನ್ನು ಕಂಡು ಮರುಗಿದ ನಾನು ಲೋಕಹಿತಕ್ಕಾಗಿ, ಯಾರು ಏನು ಮಂಡಿಸಿದರೂ ಅವರ ಬಾಯಿ ಮುಚ್ಚುವ ಮೊದಲೇ "ಅನುಮೋದನೆ!" ಎಂದು ಕೂಗುವ ವ್ರತ ಹಿಡಿದೆ. ಹೀಗಾಗಿ ಊರಲ್ಲಿ ನನಗೆ ಅನುಮೋದಕ ಓರಿನ್ ಎಂಬ ಬಿರುದು ಬಂತು. ಏನನ್ನು ಅನುಮೋದಿಸಿದೆ ಎಂದು ಮಾತ್ರ ಕೇಳಬೇಡಿ.

ಕಳೆದ ಬೇಸಿಗೆಯಲ್ಲಿ ಜಗಲಿಗೆ ಟ್ರಸ್ಟಿನ ಒಪ್ಪಿಗೆ ಸಿಕ್ಕಿತು. ತಪ್ಪಿಸಿಕೊಳ್ಳಲು ಇದ್ದ ಕೊನೆಯ ನೆಪವೂ ಹೋಯಿತು. ನೆರೆಮನೆಯ ಗೇಲಾರ್ಡ್ (ಊರಿನ ರಸ್ತೆಗಳ ಹಿಮ ಬಳಿದು ತೆಗೆಯುವ ಟ್ರಕ್ಕು ಓಡಿಸುವವನು, ನನ್ನ ಪಕ್ಷದ ಏಕೈಕ ಸದಸ್ಯ) ಎಲ್ಲಿಂದಲೋ ಜೆಸಿಬಿ ತಂದು, ಎಲೆ ಉದುರುವ ಹೊತ್ತಿಗೆ ಅಡಿಪಾಯಕ್ಕೆ ಗುಂಡಿ ತೋಡಿಕೊಟ್ಟ. ಇನ್ನೇನು ಕಾಂಕ್ರೀಟ್ ಹಾಕಬೇಕು, ಅಷ್ಟರಲ್ಲಿ ಜಿಂಕೆ ಬೇಟೆಯ ಕಾಲ ಬಂತು. ಬೇಟೆ ಮುಗಿಸಿ (ಜಿಂಕೆಗೆ ಯಾವ ತೊಂದರೆಯೂ ಆಗಲಿಲ್ಲ) ಬರುವಷ್ಟರಲ್ಲಿ ಮಳೆಗೆ ಗುಂಡಿ ತುಂಬಿತ್ತು. ನೀರು ಬತ್ತಲಿ ಎಂದು ಕಾದೆ. ಹೆಪ್ಪುಗಟ್ಟಿತು.

"ನೋಡೇ ಲಿಯೋನಾ, ಮಕ್ಕಳಿಗೆ ಜಾರಾಡೋಕೆ ಎಂಥಾ ಜಾಗ ಆಯ್ತು!"

"ನನ್ನ ಜಗಲಿ ಮೇಲೆ ಯಾರೂ ಜಾರಾಡೋದು ಬೇಡ," ಎಂದಳು, ಕೋಸಿನ ಸಸಿಗಳ ಸಂದಿಯಿಂದ.

ಹಿಮ ಕರಗಿ ಕೆಸರುಗಾಲ ಬಂತು. ನಮ್ಮಲ್ಲಿ ಅದೂ ಒಂದು ಋತುವೇ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಾತುಕೋಳಿಗಳು ಜಗಳವಾಡುವ ಸದ್ದು. ಹೋಗಿ ನೋಡಿದರೆ ಬಾತುಕೋಳಿಗಳಲ್ಲ, ಕಾಡುಕಪ್ಪೆಗಳು. ನಮ್ಮ ಗುಂಡಿಯಲ್ಲಿ ಕಪ್ಪೆಗಳ ಮದುವೆಯೇ ನಡೆಯುತ್ತಿತ್ತು. ಅದೇ ವಾರ ಟ್ರಸ್ಟಿನ ಟ್ಯಾಮ್ಸಿನ್ ಬಂದಳು. ಕಾದಿಟ್ಟ ಕಾಡುಮೇಡನ್ನೆಲ್ಲ ವರ್ಷಕ್ಕೊಮ್ಮೆ ಸುತ್ತಿ ನೋಡುವುದು ಈ ಹುಡುಗಿಯ ಕೆಲಸ. ಗುಂಡಿಯ ಅಂಚಿನಲ್ಲಿ ಕೆಸರಿಗೇ ಮಂಡಿಯೂರಿ ಕೂತು, ನೀರಿನಿಂದ ಸಬ್ಬಕ್ಕಿ ಪಾಯಸದ ಗಂಟಿನಂಥದೊಂದನ್ನು ಅಂಗೈಯಲ್ಲಿ ಎತ್ತಿ, ಮೊಮ್ಮಗುವನ್ನು ನೋಡಿದ ಅಜ್ಜಿಯ ಹಾಗೆ ಅರಳಿದಳು.

"ಓರಿನ್ ಪೆಲ್ಕಿಯವರೇ, ಮೊಟ್ಟೆ! ಈ ಗುಂಡೀನ ಇನ್ನು ಮುಚ್ಚೋ ಹಾಗಿಲ್ಲ."

"ಮುಚ್ಚೋ ಹಾಗಿಲ್ವಾ? ಯಾರಮ್ಮಾ ಹೇಳಿದ್ದು?"

"ಹೋದ ವರ್ಷದ ಗೊತ್ತುವಳಿ. ಕಪ್ಪೆ ಮೊಟ್ಟೆ ಇಟ್ಟ ನೀರನ್ನ ಸಭೆ ಒಪ್ಪದೆ ಯಾರೂ ಮುಟ್ಟಬಾರದು ಅಂತ. ಮಂಡಿಸಿದ್ದು ನಾನು." ಮೊಟ್ಟೆಯನ್ನು ಮೆಲ್ಲಗೆ ನೀರಿಗೆ ಬಿಟ್ಟು ಹೇಳಿದಳು, "ಅನುಮೋದಿಸಿದ್ದು ನೀವೇ."

ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ಕಾಂಕ್ರೀಟ್ ಇಲ್ಲ, ಗಾಜು ಇಲ್ಲ, ಬೆನ್ನುನೋವು ಇಲ್ಲ, ಬೇಸಿಗೆ ಪೂರ್ತಿ ರೇಡಿಯೊ. ಮುಖವನ್ನು ಹೇಗೋ ಸಾವಿನ ಮನೆಗೆ ತಕ್ಕಂತೆ ಮಾಡಿಕೊಂಡು ಒಳಗೆ ಹೋಗಿ, ಪ್ರಕೃತಿಮಾತೆಯ ಮುಂದೆ ಮನುಷ್ಯ ಎಷ್ಟು ಕ್ಷುಲ್ಲಕ ಎಂಬ ವಿಷಯದ ಮೇಲೆ ಲಿಯೋನಾಳಿಗೆ ಒಂದು ಪುಟ್ಟ ಉಪನ್ಯಾಸ ಕೊಟ್ಟೆ.

ಆಕೆ ಜಗಳ ಆಡಲಿಲ್ಲ. ನೀರಿನ ಚೊಂಬು ಕೆಳಗಿಟ್ಟು, "ಹಾಗಾದ್ರೆ ನನ್ನ ಜಗಲಿ?" ಎಂದಳು. ದನಿ ಸಣ್ಣದಾಗಿತ್ತು. ಆ ಮುಖ ನೋಡಿ ನನಗೂ ಒಳಗೆ ಚುರುಕ್ ಎಂದಿತು.

"ಏನ್ ಮಾಡೋದು ಹೇಳು. ಅವೂ ಪಾಪ, ಮನೆಯಿಲ್ಲದೆ ಬಂದಿದಾವೆ. ನಮ್ಮ ಹಾಗೇನೇ."

ಆ ಮಾತಿಗೆ ಆಕೆ ಕಿಟಕಿಯಿಂದ ಗುಂಡಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಿಟಕಿಯಿಂದಲೇ ಇನ್ನೂ ಸ್ವಲ್ಪ ಆಚೆಗೆ ನೋಡಿದಳು. ಆಚೆಗೆ ಏನಿದೆ ಎಂದು ನಾನು ಆಗ ಯೋಚಿಸಲಿಲ್ಲ. ಗಂಡಂದಿರ ಬುದ್ಧಿ ಇಂಥ ಹೊತ್ತಿನಲ್ಲೇ ಕೈಕೊಡುವುದು.

ಮುಂದಿನ ದಿನಗಳಲ್ಲಿ ಲಿಯೋನಾ ನನ್ನೊಂದಿಗೆ ಬೆಣ್ಣೆಯಂತೆ ಇದ್ದಳು. ಒಂದು ಮಧ್ಯಾಹ್ನ ತಪೋವನಕ್ಕೆ ಅಳತೆಯ ಟೇಪು ಹಿಡಿದು ಬಂದಳು.

"ಏನೇ ಇದು?"

"ನಿನಗೆ ಪರದೆ ಹೊಲಿಯೋಣ ಅಂತ. ಬಿಸಿಲು ಜೋರಾಗಿ ಬೀಳುತ್ತಲ್ಲ ಇಲ್ಲಿ?"

"ಜೋರು ಅಂದ್ರೆ ಜೋರು. ಬೆಳಗಿಂದ ಸಂಜೆ ತನಕ!" ಎಂದೆ ಹೆಮ್ಮೆಯಿಂದ. ಹೆಂಡತಿಗೆ ಕೊನೆಗೂ ನನ್ನ ಶೆಡ್ಡಿನ ಮೇಲೆ ಮಮತೆ ಹುಟ್ಟಿತಲ್ಲ ಎಂದು ಕಣ್ಣು ತೇವವಾಯಿತು.

ಸಭೆಯ ದಿನ ಆಕೆ ನಮ್ಮ ಮನೆಯ ಪಾಲಿನ ಅಡುಗೆಯಾಗಿ ಚಿಕನ್ ಪೈ ಮಾಡಿದಳು. ಸಾಧಾರಣ ಪೈ ಅಲ್ಲ. ಮೇಲೆ ಹೊನ್ನಿನ ಬಣ್ಣಕ್ಕೆ ಬೆಂದ ಹಿಟ್ಟಿನ ಹೊದಿಕೆ, ಅಂಚಿನಲ್ಲಿ ಗುಳುಗುಳು ಕುದಿಯುವ ಸಾರು. ಅದನ್ನು ತಾನೇ ತಂದು ನನ್ನ ಮೂಗಿಗೆ ಸರಿಯಾಗಿ ಮೇಜಿನ ಮೇಲೆ ಇಟ್ಟಳು. "ನಾನೂ ಇವತ್ತು ಕಪ್ಪೆಗಳ ಬಗ್ಗೆ ಒಂದು ಸಣ್ಣ ಗೊತ್ತುವಳಿ ಮಂಡಿಸ್ತೀನಿ," ಎಂದಳು. "ಮಂಡಿಸು, ಮಂಡಿಸು," ಎಂದೆ, ಕಣ್ಣು ಪೈ ಮೇಲಿಂದ ತೆಗೆಯದೆ.

ಸಭೆಯ ಅಧ್ಯಕ್ಷೆ ಆಲ್ಬರ್ಟಾ ಫಿಸ್ಕ್. ಚಿಕ್ಕಂದಿನಲ್ಲಿ ನನಗೆ ಪಾಠ ಹೇಳಿದ ಟೀಚರು. ಈಗಲೂ ಅವರು ಕನ್ನಡಕದ ಮೇಲಿಂದ ನೋಡಿದರೆ ನನ್ನ ಕೈ ತಾನಾಗಿ ಜೇಬಿನಿಂದ ಹೊರಗೆ ಬರುತ್ತದೆ. ಅಂದು ಮನೆ ಪಕ್ಷವೂ ಕಪ್ಪೆ ಪಕ್ಷವೂ ದಾರಿಬದಿಯ ಒಂದು ತುಂಡು ನೆಲಕ್ಕಾಗಿ ಗಂಟಲು ಹರಿಯುವಷ್ಟು ಕಿತ್ತಾಡಿದವು. ಪೈಯ ಹಬೆ ಕಡಿಮೆಯಾಗುತ್ತಾ ಬಂತು. ನನ್ನ ಜೀವವೂ ಅದರ ಜೊತೆಗೇ ಕುಸಿಯುತ್ತಿತ್ತು. ಕೊನೆಯ ಗೊತ್ತುವಳಿಗೆ ಲಿಯೋನಾ ಎದ್ದಳು. ಅದೇ ಹೊತ್ತಿಗೆ ಗೇಲಾರ್ಡ್ ನನ್ನ ಕಿವಿಯಲ್ಲಿ, "ಏನಯ್ಯಾ ಓರಿನ್, ಆ ಮೂಲೆ ತುಂಡು ನಂದು," ಎಂದ.

"ಆ ಮೂಲೆ ನಾನು ಬೆಳಗ್ಗೆಯಿಂದ ನೋಡ್ಕೊಂಡಿರೋದು ಕಣೋ!"

"ನೋಡಿದವರಿಗೆಲ್ಲ ಸಿಕ್ಕೋದಾದ್ರೆ ನಿನಗೆ ಜಿಂಕೇನೂ ಸಿಕ್ತಿತ್ತು."

ದೂರದಲ್ಲೆಲ್ಲೋ ಲಿಯೋನಾಳ ದನಿ ಹರಿಯುತ್ತಿತ್ತು. "...ಗುಂಡಿಯನ್ನು ಕಪ್ಪೆಗಳಿಗೇ ಬಿಟ್ಟುಕೊಟ್ಟು... ಹೊಸದಾಗಿ ನೆಲ ಅಗೆಯದೆ... ಅದೇ ಹಿತ್ತಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿರುವ, ಹೆಚ್ಚಿನ ಉಪಯೋಗದಲ್ಲಿಲ್ಲದ ಮರದ ಕಟ್ಟಡಕ್ಕೆ..." ವಾಕ್ಯ ಉದ್ದವಾಯಿತು. ಗೇಲಾರ್ಡ್‌ನ ಕೈ ಚಮಚದ ಕಡೆಗೆ ಸರಿಯಿತು. ಇನ್ನು ತಡೆಯಲಾಗಲಿಲ್ಲ.

"ಅನುಮೋದನೆ!" ಎಂದು ಗುಡುಗಿದೆ.

ಕೊಟ್ಟಿಗೆಯಲ್ಲಿದ್ದವರೆಲ್ಲ ಹಿಂದಿರುಗಿ ನನ್ನನ್ನೇ ನೋಡಿದರು. ಆಮೇಲೆ ಚಪ್ಪಾಳೆ. ಟ್ರಸ್ಟು ಹುಟ್ಟಿದಂದಿನಿಂದ ಮೊದಲ ಬಾರಿಗೆ ಎಡಗಡೆಯ ಕೈಗಳೂ ಬಲಗಡೆಯ ಕೈಗಳೂ ಒಟ್ಟಿಗೆ ಮೇಲೆದ್ದವು. ಕಪ್ಪೆಗೂ ಮನೆ, ಮನುಷ್ಯರಿಗೂ ಕೋಣೆ, ಒಂದು ಗುದ್ದಲಿ ಮಣ್ಣೂ ಖರ್ಚಿಲ್ಲ. ಟ್ಯಾಮ್ಸಿನ್ ಕಣ್ಣೊರೆಸಿಕೊಂಡಳು. ಎಲ್ಲರ ಕೈ ಮೇಲಿದ್ದುದರಿಂದ ನಾನೂ ಎತ್ತಿದೆ.

"ಸರ್ವಾನುಮತ," ಎಂದರು ಆಲ್ಬರ್ಟಾ ಟೀಚರು. "ಪೆಲ್ಕಿ ಕುಟುಂಬದ ಶೆಡ್ಡನ್ನು ಗಾಜಿನ ಜಗಲಿಯಾಗಿ ಪರಿವರ್ತಿಸುವ ಗೊತ್ತುವಳಿ ಅಂಗೀಕಾರವಾಗಿದೆ. ತನ್ನ ಸ್ವಂತ ಶೆಡ್ಡನ್ನೇ ಬಿಟ್ಟುಕೊಟ್ಟ ಓರಿನ್‌ನ ದೊಡ್ಡ ಮನಸ್ಸಿಗೆ ಸಭೆ ವಂದನೆ ಸಲ್ಲಿಸುತ್ತದೆ."

ನಾನು ಎದ್ದು ನಿಂತೆ. "ಟೀಚರ್, ಅನುಮೋದನೆ ವಾಪಸ್ ತಗೊಳ್ಳೋಕಾಗುತ್ತಾ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಕೂತ್ಕೋ ಓರಿನ್. ಊಟದ ಹೊತ್ತಾಯ್ತು."

ನಾನು ಕೂರುವಷ್ಟರಲ್ಲಿ ಮೂಲೆ ತುಂಡು ಗೇಲಾರ್ಡ್‌ನ ತಟ್ಟೆಯಲ್ಲಿತ್ತು.

ಎರಡೂ ಪಕ್ಷದವರು ಪೈಪೋಟಿಯಲ್ಲಿ ಬಂದು ದುಡಿದರು. ನನ್ನ ದಕ್ಷಿಣದ ಗೋಡೆ ಹೋಗಿ ಗಾಜು ಬಂತು. ದೋಣಿ ಎಂಜಿನ್ ಗೇಲಾರ್ಡ್‌ನ ಕೊಟ್ಟಿಗೆ ಸೇರಿತು, ರೇಡಿಯೊ ಅಡುಗೆಮನೆಗೆ ಹೋಯಿತು. ಇರಲಿ, ಗುಂಡಿಯ ದಡದಲ್ಲಾದರೂ ಕೂರೋಣ ಎಂದು ಹೋದರೆ, ಟ್ಯಾಮ್ಸಿನ್ ಅಲ್ಲಿ ಒಂದು ಫಲಕ ನೆಟ್ಟಿದ್ದಳು: ಇದು ಕಪ್ಪೆಗಳ ಮನೆ, ಮನುಷ್ಯರು ದೂರವಿರಿ.

ಆದರೂ ಸುಳ್ಳು ಹೇಳಬಾರದು. ಮೊನ್ನೆ ಸಂಜೆ ಜಗಲಿಯಲ್ಲಿ, ತೋಟಕ್ಕೆ ಹೋಗಿ ಉಳಿದ ಸಸಿಗಳ ನಡುವೆ ನನ್ನ ಆರಾಮಕುರ್ಚಿಯಲ್ಲಿ ಕೂತಿದ್ದೆ. ಗಾಜಿನ ತುಂಬ ಹಳದಿ ಬಿಸಿಲು. ಗುಂಡಿಯ ದಡಕ್ಕೆ ಉಗುರಿನಷ್ಟು ಪುಟ್ಟ ಪುಟ್ಟ ಕಪ್ಪೆಮರಿಗಳು ಹತ್ತುತ್ತಿದ್ದವು. ಲಿಯೋನಾ ಮಂಡಿಗಳನ್ನು ಬಿಸಿಲಿಗೆ ಚಾಚಿ ಕೂತು ಮೆಲ್ಲಗೆ ಏನೇನೋ ಮಾತಾಡುತ್ತಿದ್ದಳು. ಬಾಡಿಗೆ ಮನೆಗಳ ಆ ಎಲ್ಲ ವರ್ಷಗಳಲ್ಲಿ ಆಕೆ ಹೀಗೆ ಕಾಲು ಚಾಚಿ ಕೂತದ್ದನ್ನು ನಾನು ನೋಡಿರಲಿಲ್ಲ. ಮನಸ್ಸು ತುಂಬಿ ಬಂತು. ಇಷ್ಟು ತಡ ಮಾಡಿದೆನಲ್ಲ ಎಂದು ನಾಚಿಕೆಯೂ ಆಯಿತು.

"...ಆಗಬಹುದು ಅಲ್ವಾ ಓರಿನ್?" ಎಂದು ಆಕೆ ಕೇಳಿದಳು.

"ಅನುಮೋದನೆ," ಎಂದೆ, ಪ್ರೀತಿಯಿಂದ ಆಕೆಯ ಕೈ ಹಿಡಿದು.

ಮರುದಿನ ಬೆಳಿಗ್ಗೆ ಗೇಲಾರ್ಡ್ ಬಂದು ಆರಾಮಕುರ್ಚಿಯನ್ನು ಹೊತ್ತುಕೊಂಡು ಹೋದ. ಆ ಜಾಗದಲ್ಲಿ ಈಗ ಕುಂಬಳದ ಕುಂಡಗಳಿವೆ. ಇದನ್ನು ನಾನು ನಿಂತುಕೊಂಡೇ ಬರೆಯುತ್ತಿದ್ದೇನೆ.